ತರ್ಜುಮೆ ಆಗದ ಬೇನೆ

ಕಲಬುರಗಿ, ಫಸಲಿ ೧೩೨೨
ಆಷಾಢ ಶುದ್ಧ ದಶಮಿ

ಹೈದರಾಬಾದಿನಿಂದ ಬೆಳಗಿನ ಗಾಡಿಗೆ ಬಂದಿಳಿದೆ. ಅಲ್ಲಿಯ ದೊಡ್ಡ ಡಾಕ್ಟರ್ ಸಾಹೇಬರು ಮೂರು ದಿನ ನನ್ನನ್ನು ಕೂಡಿಸಿ, ನಿಲ್ಲಿಸಿ, ಮೊಣಕಾಲಿಗೆ ಸಣ್ಣ ಸುತ್ತಿಗೆಯಿಂದ ತಟ್ಟಿ, ಕಣ್ಣು ಮುಚ್ಚಿಸಿ ಮೂಗು ಮುಟ್ಟಿಸಿ, ಕೊನೆಗೆ ರೋಗದ ಹೆಸರು ಹೇಳಿದರು. ಡಿಸೆಮಿನೇಟೆಡ್ ಸ್ಕ್ಲೆರೋಸಿಸ್. ಮಿದುಳಿನಲ್ಲಿ, ಬೆನ್ನುಹುರಿಯಲ್ಲಿ ಅಲ್ಲಲ್ಲಿ ಕಲೆ ಬಿದ್ದು ಗಟ್ಟಿಯಾಗುತ್ತದಂತೆ. ಎರಡು ವರ್ಷದ ಹಿಂದೆ ಬಲಗಣ್ಣು ಮೂರು ವಾರ ಮಬ್ಬಾಗಿ ಅರ್ಧಂಬರ್ಧ ತಿಳಿಯಾಯಿತಲ್ಲ, ಅದೂ ಇದೇ. ಈಗ ಎಡ ಅಂಗೈ ಜೋಮು ಹಿಡಿದಿರುವುದೂ, ಮೆಟ್ಟಿಲಿಳಿಯುವಾಗ ಕಾಲು ಮಾತು ಕೇಳದಿರುವುದೂ ಇದೇ. ಬರುತ್ತದೆ, ಹೋಗುತ್ತದೆ, ಮತ್ತೆ ಬೇರೆ ಕಡೆ ಬರುತ್ತದೆ ಎಂದರು. ಯಾರಿಗೂ ಅಂಟುವುದಿಲ್ಲ. ಔಷಧವೂ ಇಲ್ಲ.

ನಾನು ಹನ್ನೊಂದು ವರ್ಷದಿಂದ ಅದಾಲತ್ತಿನಲ್ಲಿ ತರ್ಜುಮೆದಾರ. ಕನ್ನಡದ್ದನ್ನು ಉರ್ದುವಿಗೆ, ಉರ್ದುವಿನದನ್ನು ಮರಾಠಿಗೆ ಇಳಿಸುವುದೇ ನನ್ನ ಅನ್ನ. ವಾಡಿಯಿಂದ ಇಲ್ಲಿಯವರೆಗೆ ಗಾಡಿಯಲ್ಲಿ ಕೂತು ಆ ಹೆಸರನ್ನು ತಿರುವಿ ತಿರುವಿ ನೋಡಿದೆ. ಯಾವ ಭಾಷೆಗೂ ಇಳಿಯಲಿಲ್ಲ. ನಮ್ಮ ಸೀಮೆಯಲ್ಲಿ ಹೆಸರೇ ಇಲ್ಲವೆಂದರೆ ಇಲ್ಲಿ ಯಾರಿಗೂ ಬಂದಿಲ್ಲವೆಂದಾಯಿತು. ಯಾರಿಗೂ ಬರದ್ದು ಈ ಅಣವೀರಪ್ಪನೊಬ್ಬನಿಗೇ ಯಾಕೆ ಬರಬೇಕು? ಡಾಕ್ಟರ್ ಸಾಹೇಬರಿಗೂ ತಪ್ಪಾಗಬಹುದು.

ಮನೆಯಲ್ಲಿ ಹೆಂಡತಿ ಜಯದೇವಿ ಕೇಳಿದಳು, "ಏನಂದ್ರು?"

"ನರದ ಬ್ಯಾನಿ ಅಂದ್ರು. ಬರ್ತದ, ಹೋಗ್ತದ ಅಂತ."

"ಹೋಗ್ತದ ಅಂದ್ಮ್ಯಾಗ ಚಿಂತಿ ಯಾಕ್ರೀ," ಎಂದು ರೊಟ್ಟಿ ಬಡಿಯಲು ಹೋದಳು. ಆ ಬಡಿಯುವ ಸದ್ದು ಕೇಳಿ ನನಗೆ ವಿನಾಕಾರಣ ಸಿಟ್ಟು ಬಂತು.

ಆಷಾಢ ಹುಣ್ಣಿಮೆ

ಬುರ್ಹಾನುದ್ದೀನ್ ದವಾಖಾನೆಯಲ್ಲಿ ಕಂಪೌಂಡರ್. ನಾವಿಬ್ಬರೂ ಒಂದೇ ಚಾಪೆಯ ಮೇಲೆ ಕೂತು ಉರ್ದುವಿನ ಅಲಿಫ್ ಬೇ ಕಲಿತವರು. ಅವನ ಹತ್ತಿರ ಉರ್ದುವಿನ ಒಂದು ದಪ್ಪ ವೈದ್ಯದ ಕಿತಾಬು ಇದೆ. ಕೇಳಿದೆ.

"ಬ್ಯಾಡೋ ಯಾರ್," ಎಂದ. "ನಾ ಇದನ್ನ ಓದೂವಾಗ ಒಂದ್ ತಿಂಗಳ ನನ್ನ ಹೊಟ್ಟ್ಯಾಗ ಕೂಸು ಅದ ಅನಿಸಿತ್ತು."

ನಕ್ಕೆ. ನಗುತ್ತಲೇ ಕಿತಾಬನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದೆ.

ಆಷಾಢ ಬಹುಳ ಚೌತಿ

ಲಕ್ವಾ: ಇದೆ, ಎಡಗಾಲು ಎಳೆಯುತ್ತದೆ. ಮಿರ್ಗಿ, ಅಂದರೆ ಮೂರ್ಛೆರೋಗ: ಮೊನ್ನೆ ಮೆಟ್ಟಿಲ ಮೇಲೆ ತಲೆ ತಿರುಗಿದ್ದು ಅದರ ಮುನ್ಸೂಚನೆ ಇರಬಹುದು. ಧನುರ್ವಾಯು: ಬೆಳಿಗ್ಗೆ ದವಡೆ ಬಿಗಿದಿತ್ತು, ಆದರೆ ನಿನ್ನೆಯ ಕಬ್ಬಿನಿಂದಲೂ ಆಗಿರಬಹುದು. ಇಷ್ಟಕ್ಕೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಇನ್ನೊಂದು ಹಾಳೆ ತಿರುವಿದೆ.

ಜುಜಾಮ್. ಮೊದಲು ಕೈಗೆ ಜೋಮು. ಬಿಸಿ ತಣ್ಣನೆಯ ಅರಿವು ಹೋಗುವುದು. ಸೂಜಿ ಚುಚ್ಚಿದರೂ ತಿಳಿಯದಿರುವುದು. ಹುಬ್ಬಿನ ಕೂದಲು ಉದುರುವುದು. ಉರ್ದುವಿನಲ್ಲಿ ಜುಜಾಮ್, ಮರಾಠಿಯಲ್ಲಿ ಮಹಾರೋಗ, ಕನ್ನಡದಲ್ಲಿ ಕುಷ್ಠ. ಎಷ್ಟು ಸಲೀಸಾಗಿ ತರ್ಜುಮೆಯಾಗುತ್ತದೆ! ಹೈದರಾಬಾದಿನ ಹೆಸರಿಗೆ ಹುಡುಕಿ ಹುಡುಕಿ ಸಿಗದ ಮಾತು ಇದಕ್ಕೆ ಮೂರು ಭಾಷೆಯಲ್ಲಿ ಸಿದ್ಧವಾಗಿ ಕೂತಿತ್ತು.

ಜಯದೇವಿಯ ಕೌದಿ ಹೊಲಿಯುವ ಸೂಜಿ ತೆಗೆದುಕೊಂಡು ಅಂಗೈಗೆ ಚುಚ್ಚಿದೆ. ಹತ್ತು ಸಲದಲ್ಲಿ ನಾಲ್ಕು ಸಲ ತಿಳಿಯಿತು. ಭಯವಾಗುತ್ತಿದೆ.

ಆಷಾಢ ಬಹುಳ ಸಪ್ತಮಿ

ಯಾರಿಗೂ ಹೇಳಬಾರದ್ದು ಆಗಿದೆ. ಪೂಜೆಗೆ ಕೂತು ಕರಡಿಗೆಯಿಂದ ಲಿಂಗ ತೆಗೆದು ಎಡ ಅಂಗೈಯಲ್ಲಿ ಇಟ್ಟುಕೊಂಡೆ. ಕಣ್ಣು ಮುಚ್ಚಿದೆ. ತೆರೆದಾಗ ಅಂಗೈ ಬರಿದಾಗಿತ್ತು. ಲಿಂಗ ತೊಡೆಯ ಮೇಲಿನ ಧೋತರದಲ್ಲಿ ಬಿದ್ದಿತ್ತು, ನೆಲಕ್ಕೆ ತಾಕಿರಲಿಲ್ಲ. ಯಾವಾಗ ಬಿತ್ತೋ ನನ್ನ ಕೈಗೆ ಗೊತ್ತೇ ಆಗಲಿಲ್ಲ. ಎಳೆಗೂಸಾಗಿದ್ದಾಗ ಅಯ್ಯನವರು ಕೊರಳಿಗೆ ಕಟ್ಟಿದ ಲಿಂಗ, ಮೂವತ್ತಾರು ವರ್ಷದಲ್ಲಿ ಒಂದು ದಿನವೂ ಕೈ ತಪ್ಪಿದ್ದಿಲ್ಲ.

ಅಯ್ಯನವರ ಹತ್ತಿರ ಹೋಗಿ ತಪ್ಪೊಪ್ಪಿಕೊಳ್ಳಬೇಕು. ಹೋದರೆ ಕೈ ತೋರಿಸು ಅನ್ನುತ್ತಾರೆ. ತೋರಿಸಲಾರೆ.

ಇನ್ನು ಮೇಲೆ ಕಣ್ಣು ತೆರೆದೇ ಪೂಜೆ. ಸಂಜೆ ಹಾಗೆ ಮಾಡುತ್ತಿದ್ದಾಗ ಮಗಳು ನೀಲಾ ಪಕ್ಕದಲ್ಲಿ ಬಂದು ಕೂತಳು. ಅವಳಿಗೆ ಈಗ ಏಳು.

"ಅಪ್ಪಾ, ದೇವರನ್ನ ಹಂಗ್ಯಾಕ ಸಿಟ್ಟಿಲೆ ನೋಡಾಕತ್ತೀರಿ?"

ಹತ್ತಿರ ಕೂಡಬೇಡ ಎಂದು ಗದರಿದೆ. ತೊಡೆಯ ಮೇಲೆ ಬೆಳೆದ ಮಗು. ಎದ್ದು ಹೋಗಿ ಕಂಬದ ಹತ್ತಿರ ನಿಂತಳು.

ಆಷಾಢ ಬಹುಳ ಏಕಾದಶಿ

ನನ್ನ ತಾಟು, ತಂಬಿಗೆ, ಚಾಪೆ ಬೇರೆ ಮಾಡಿದ್ದೇನೆ. ವ್ರತ ಎಂದು ಹೇಳಿದ್ದೇನೆ. ಜಯದೇವಿ ಯಾವ ವ್ರತವೆಂದು ಕೇಳಲಿಲ್ಲ. ಕೇಳದಿದ್ದುದೇ ಹೆಚ್ಚು ಹೆದರಿಕೆ ಹುಟ್ಟಿಸಿತು.

ಶ್ರಾವಣ ಶುದ್ಧ ಬಿದಿಗೆ

ಪಂಚಮಿಗೆ ಜಯದೇವಿಯನ್ನೂ ನೀಲಾಳನ್ನೂ ತವರಿಗೆ ಕರೆದೊಯ್ಯಲು ಕಮಲಾಪುರದಿಂದ ಅವಳ ತಮ್ಮ ಖಂಡೆಪ್ಪ ಬಂಡಿ ಹೂಡಿಕೊಂಡು ಬಂದಿದ್ದ. ತೋಟದ ಕೆಂಪು ಬಾಳೆಯ ಒಂದು ಗೊನೆ ತಂದಿದ್ದ. ಈ ಸಲದ ಹಣ್ಣು ಸುಮಾರು. ಹತ್ತು ವರ್ಷ ಒಗೆದ ಸೀರೆಯ ಬಣ್ಣ.

"ಗಿಡ ಮುದಿ ಆಗ್ಯಾವೇನೋ ಖಂಡೆಪ್ಪ? ಕೆಂಪೇ ಇಲ್ಲಲ್ಲ," ಎಂದೆ.

ಅವನು ಹಣ್ಣನ್ನು ನೋಡಿದ, ನನ್ನನ್ನು ನೋಡಿದ. "ಹೌದೇನ್ರೀ ಮಾವಾರ?" ಎಂದಷ್ಟೇ ಹೇಳಿದ. ಮಾತು ಬಾರದ ಹುಂಬ. ಹುಳುಕು ತೋರಿಸಿದರೆ ಒಪ್ಪಿಕೊಳ್ಳಬಾರದೇ.

ಬಂಡಿ ಹೊರಟಾಗ ನೀಲಾ ಕೈ ಚಾಚಿದಳು. ನಾನು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತೆ. ಒಳ್ಳೆಯದೇ ಆಯಿತು. ಹತ್ತು ದಿನ ಅವರು ನನ್ನ ರೋಗದಿಂದ ದೂರ ಉಳಿಯುತ್ತಾರೆ. ಅಷ್ಟರಲ್ಲಿ ಏನಾದರೂ ನೆಪ ಹುಡುಕಬೇಕು.

ನಾಗರ ಪಂಚಮಿ

ಓಣಿಯ ತುಂಬ ಜೋಕಾಲಿ. ನಮ್ಮ ತೊಲೆಗೆ ಹಗ್ಗ ಹಾಕಿಲ್ಲ.

ಶ್ರಾವಣ ಶುದ್ಧ ದ್ವಾದಶಿ

ಕಮಲಾಪುರಕ್ಕೆ ಕಾಗದ ಬರೆದೆ: ನಮ್ಮ ಓಣಿಯಲ್ಲಿ ಇಲಿ ಸತ್ತು ಬೀಳುತ್ತಿವೆ, ಪ್ಲೇಗಿನ ಭಯ, ನಾನು ಹೇಳುವವರೆಗೆ ಬರಬೇಡಿರಿ. ಒಂದು ಇಲಿಯೂ ಬಿದ್ದಿಲ್ಲ. ಅದಾಲತ್ತಿನಲ್ಲಿ ಸುಳ್ಳು ಸಾಕ್ಷಿಗಳನ್ನು ಇಷ್ಟು ವರ್ಷ ತರ್ಜುಮೆ ಮಾಡಿದ್ದು ವ್ಯರ್ಥವಾಗಲಿಲ್ಲ.

ಜಯದೇವಿ ಹೇಳಿ ಖಂಡೆಪ್ಪನಿಂದ ಬರೆಸಿದ ಉತ್ತರ ಮೂರೇ ದಿನದಲ್ಲಿ ಬಂದರೂ ಬರಬಹುದು. ಅದಕ್ಕೂ ಒಂದು ಉತ್ತರ ಈಗಲೇ ಯೋಚಿಸಿಟ್ಟಿದ್ದೇನೆ.

ಶ್ರಾವಣ ಬಹುಳ ಪಾಡ್ಯ

ಉತ್ತರ: "ಇಲಿ ಬಿದ್ದರೆ ನೀವೂ ಇಲ್ಲಿಗೇ ಬರ್ರಿ. ನೀವೇನು ಇಲಿಗೆ ಬೀಗರೇ?" ನಗು ಬಂತು. ನಗು ಬಂದಾಗ ಬಾಯಿಯ ಎಡ ಮೂಲೆ ಸರಿಯಾಗಿ ಏಳುತ್ತದೋ ಇಲ್ಲವೋ ಎಂದು ಕನ್ನಡಿ ಹಿಡಿದೆ. ಅಷ್ಟರಲ್ಲಿ ನಗು ಹೋಗಿತ್ತು.

ಶ್ರಾವಣ ಬಹುಳ ಅಷ್ಟಮಿ

ಸ್ಟೇಷನ್ನಿನ ಹತ್ತಿರ ಒಂದು ನಾಯಿ ಬಂದು ಕೈ ನೆಕ್ಕಿತು. ಸೂಜಿಯ ಗಾಯ ಇರುವ ಕೈಯನ್ನೇ. ಹುಚ್ಚುನಾಯಿ ಕಚ್ಚಬೇಕೆಂದಿಲ್ಲ, ಗಾಯ ನೆಕ್ಕಿದರೂ ಸಾಕು ಎಂದು ಕಿತಾಬಿನಲ್ಲಿದೆ. ನೀರು ಕಂಡರೆ ಹೆದರಿಕೆಯಾಗುವುದು ಅದರ ಗುರುತು. ಮನೆಗೆ ಬಂದವನೇ ತಂಬಿಗೆ ತುಂಬ ನೀರು ತುಂಬಿ ಎದುರಿಗಿಟ್ಟುಕೊಂಡೆ. ಹೆದರಿಕೆಯಾಗಲಿಲ್ಲ. ಸಂಶಯ ಬೇಡವೆಂದು ಕುಡಿದೆ. ಸಂಜೆಯೊಳಗೆ ಎಂಟು ತಂಬಿಗೆ ಕುಡಿದು ಹೊಟ್ಟೆ ಉಬ್ಬಿ ಬುರ್ಹಾನುದ್ದೀನನ ಮನೆಗೆ ಹೋದೆ.

"ಆ ನಾಯಿ ಎಂಟ್ ವರ್ಷದಿಂದ ಎಲ್ಲಾರ ಕೈ ನೆಕ್ತದ," ಎಂದ. "ಅದಕ್ಕ ಹುಚ್ಚಿಲ್ಲ. ನಿನಗ ಅದ. ನನ್ನ ಕಿತಾಬ್ ತಿರುಗಿ ಕೊಡು."

ಕೊಡಲಿಲ್ಲ. ಜುಜಾಮಿನ ವಿಷಯ ಅವನಿಗೂ ಹೇಳಲಿಲ್ಲ. ಹೇಳಿದರೆ ಅವನು ನನ್ನ ಪಕ್ಕದಿಂದ ಎದ್ದು ಹೋಗುವನೋ ಎಂಬ ಹೆದರಿಕೆ. ಆ ಮನೆಯಲ್ಲಿ ಅವನ ತಾಯಿ ಲತೀಫಾ ಬೀ ನನಗೆ ತಮ್ಮ ಕೈಯಿಂದಲೇ ಪಾನ್ ಮಡಿಸಿ ಕೊಡುತ್ತಾರೆ.

ಭಾದ್ರಪದ ಶುದ್ಧ ಅಷ್ಟಮಿ

ಅದಾಲತ್ತಿನ ಮಸಿ ನೀರು ನೀರಾಗಿದೆ. ಬರೆದದ್ದು ನನಗೇ ಕಾಣುವುದಿಲ್ಲ. ಶಿರಸ್ತೇದಾರರು ಕರೆದು, ಸಾಲುಗಳು ಒಂದರ ಮೇಲೊಂದು ಹತ್ತಿವೆ ಎಂದು ಕಾಗದ ತೋರಿಸಿದರು. ಮಳೆಗಾಲದ ಕತ್ತಲೆ, ಕಿಟಕಿಯ ಪಕ್ಕ ಜಾಗ ಕೊಡಿಸಿರಿ ಎಂದೆ. ಕೊಡಿಸಿದ್ದಾರೆ. ಅಲ್ಲೂ ಅಷ್ಟೇ.

ಕೈಗೆ ದಿನಕ್ಕೆ ಮೂರು ಸಲ ಸೂಜಿ. ಹತ್ತರಲ್ಲಿ ಮೂರು ಸಲ ಮಾತ್ರ ತಿಳಿಯುತ್ತದೆ. ಅಂಗೈಯಲ್ಲಿ ಗಂಟು ಗಂಟಾಗಿ ಚರ್ಮ ದಪ್ಪವಾಗಿದೆ. ಅದೂ ಕಿತಾಬಿನಲ್ಲಿದೆ.

ಭಾದ್ರಪದ ಬಹುಳ ದಶಮಿ

ಹುಬ್ಬಿನ ಕೂದಲು ಎಣಿಸಲು ಕೂತೆ. ಕನ್ನಡಿಯ ನಡುವಿನ ಪಾದರಸ ಹೋಗಿರಬೇಕು, ಹುಬ್ಬು ಕಾಣುವುದೇ ಇಲ್ಲ. ಬೆರಳಿನಿಂದ ಮುಟ್ಟಿ ನೋಡಿಕೊಂಡೆ. ಇದ್ದಂತಿದೆ, ಉದುರಿದಂತೆಯೂ ಇದೆ.

ಆಶ್ವೀಜ ಶುದ್ಧ ಅಷ್ಟಮಿ

ನಿರ್ಧಾರ ಮಾಡಿದ್ದೇನೆ. ದಸರೆಗೆ ಕಮಲಾಪುರಕ್ಕೆ ಹೋಗಿ ಜಯದೇವಿಗೆ ಇದ್ದದ್ದನ್ನು ಹೇಳಿ, ಅವಳೂ ಮಗಳೂ ಅಲ್ಲೇ ಇರಲಿ ಎಂದು ಗೊತ್ತುಮಾಡಿ ಬರುವುದು. ನಾನು ಕೈಲಾಗುವವರೆಗೆ ನೌಕರಿ ಮಾಡಿ ಆಮೇಲೆ ಎಲ್ಲಿಗಾದರೂ ಹೋಗುವುದು. ಎಲ್ಲಿಗೆ ಎಂದು ಯೋಚಿಸಿಲ್ಲ. ನೀಲಾಳನ್ನು ಒಂದು ಸಲ ದೂರದಿಂದ ನೋಡಬೇಕು, ಅಷ್ಟೇ.

ಕಮಲಾಪುರ
ವಿಜಯದಶಮಿ

ಬಂಡಿ ಇಳಿದಾಗಲೇ ಅತ್ತೆ ಶಾರದಾಬಾಯಿ, "ಎಷ್ಟ್ ಸೊರಗೀರಿ ಅಳಿಯಂದಿರ," ಎಂದು ಸೆರಗಿನಿಂದ ಕಣ್ಣೊರೆಸಿಕೊಂಡರು. ಹೊರಗಿನ ಕಟ್ಟೆಯ ಮೇಲೆಯೇ ಕೂತೆ. ಬೇರೆ ತಾಟು ಕೇಳಿದೆ. ಕೊಟ್ಟರು.

ಹೊತ್ತು ಇನ್ನೂ ಇದ್ದಾಗಲೇ ಎಲ್ಲರೂ ಬನ್ನಿ ಮುಡಿದು ಬಂದರು. ಒಬ್ಬರಿಗೊಬ್ಬರು ಕೊಟ್ಟು ಕಾಲಿಗೆರಗುತ್ತಿದ್ದರು. ನೀಲಾ ಮುಷ್ಟಿಯಲ್ಲಿ ಎಲೆ ಹಿಡಿದು ನನ್ನ ಕಡೆಗೆ ಓಡಿ ಬಂದಳು.

"ಅಲ್ಲೇ ನಿಂದ್ರು," ಎಂದೆ.

ಅಂಗಳದ ಒರಳುಕಲ್ಲಿನ ಹತ್ತಿರ ನಿಂತಳು.

"ಕಲ್ಲಿನ ಮ್ಯಾಲ ಇಡವ್ವ. ನಾ ತಗೋತೀನಿ."

ಇಟ್ಟು, ನಾಲ್ಕು ಹೆಜ್ಜೆ ಹಿಂದಕ್ಕೆ ಹೋಗಿ, ಅಲ್ಲಿಂದಲೇ ಕೈ ಮುಗಿದು, "ಬಂಗಾರದಂಗ ಇರೂಣ್ರೀ ಅಪ್ಪಾ," ಎಂದಳು. ಯಾರೂ ಕಲಿಸದೆ ಎಷ್ಟು ಸರಿಯಾದ ದೂರ ನಿಂತಿದ್ದಳು! ನಾನು ಹೋಗಿ ಬಗ್ಗಿ ಕಲ್ಲಿನ ಮೇಲೆ ಕೈಯಾಡಿಸಿದೆ. ಎಲೆಯಿರಲಿಲ್ಲ.

"ಎಲ್ಲಿಟ್ಟೀ?"

"ಅಲ್ಲೇ ಅದ ಅಲ್ರೀ, ನಿಮ್ಮ ಮುಂದ."

"ಗಾಳಿಗಿ ಹಾರಿರಬೇಕು."

"ಗಾಳಿ ಇಲ್ರೀ ಅಪ್ಪಾ."

ನೀಲಾ ಒಂದು ಹೆಜ್ಜೆ ಮುಂದಿಟ್ಟಳು, ಏನೋ ನೆನಪಾದವಳಂತೆ ತಿರುಗಿ ಹಿಂದಕ್ಕೆ ಇಟ್ಟಳು. "ಇನ್ನಷ್ಟು ಬಲಕ್ಕ, ಅಪ್ಪಾ. ಇನ್ನಷ್ಟು. ಈಗ ಕೆಳಗ." ಹಾಗೆ ಅಲ್ಲಿಂದಲೇ ಹೇಳಿ ಹೇಳಿ ಎಲೆ ಹುಡುಕಿಕೊಟ್ಟಳು.

ಬನ್ನಿಯ ಎಲೆ ಸಣ್ಣದು, ಕಲ್ಲು ಕರಿದು. ಯಾರಿಗಾದರೂ ಕಾಣಲಾರದು.

ಏಕಾದಶಿ

ಬೆಳಿಗ್ಗೆ ಜಯದೇವಿ ಕಟ್ಟೆಗೆ ಬಂದು ನನ್ನ ಎದುರಿಗೆ ಎರಡು ಬಾಳೆಹಣ್ಣು ಹಿಡಿದಳು.

"ಇದರಾಗ ಕೆಂಪನೇದು ಯಾವುದು?"

ಇದೇನು ಮಕ್ಕಳಾಟ ಎಂದೆ. ಹೇಳ್ರಿ ಎಂದಳು. ಎರಡೂ ಮಣ್ಣಿನ ಬಣ್ಣದವು. ಎಡಗಡೆಯದು ಎಂದೆ.

"ಅದು ಹಸರು ಕಾಯಿ ಅದ್ರಿ. ಇನ್ನೂ ಬಲಿತಿಲ್ಲ." "ಪಂಚಮಿ ಮುಂದ ನೀವು ಹಣ್ಣಿಗಿ ಕೆಂಪಿಲ್ಲ ಅಂದ್ರಿ ಅಂತ ಖಂಡೆಪ್ಪ ಅವತ್ತೇ ನನಗ ಹೇಳ್ಯಾನ. ಗೊನಿ ಬೆಂಕಿಯಂಗ ಕೆಂಪಿತ್ತು. ಎಷ್ಟು ದಿನ ಆತು ನಿಮ್ಮ ಕಣ್ಣಿಗಿ?"

ಕಣ್ಣಿಗೆ ಏನೂ ಆಗಿಲ್ಲ, ನನಗೆ ಆಗಿರುವುದು ಬೇರೆ ಎಂದು ಎಲ್ಲ ಹೇಳಿಬಿಟ್ಟೆ. ಕಿತಾಬು, ಸೂಜಿ, ಲಿಂಗ ಬಿದ್ದದ್ದು, ಜುಜಾಮ್. ಜುಜಾಮ್ ಅಂದರೇನು ಎಂದು ಕೇಳಿದಳು. ಕುಷ್ಠ ಎಂದೆ. ಅವಳು ದೂರ ಸರಿಯಲಿಲ್ಲ. ಇನ್ನೂ ಹತ್ತಿರ ಬಂದಳು.

"ಅದಕ್ಕೇನು ನನ್ನ ಮಗಳ್ನ ಮೂರ್ ತಿಂಗಳ ನಾಯಿ ಅಟ್ಟಿದಂಗ ಅಟ್ಟಿದ್ದು? ನಮ್ಮಪ್ಪಗ ನಾ ಏನ್ ಮಾಡೀನಿ ಅಂತ ದಿನಾ ಕೇಳ್ತದ ಕೂಸು. ಏನ್ ಹೇಳ್ಲಿ ನಾ?"

"ನಿಮಗ ಅಂಟಬಾರದಂತ—"

"ನಿಮಗ ಕುಷ್ಠ ಅದ ಅಂತ ಯಾವ ಡಾಕ್ಟರ್ ಹೇಳ್ಯಾನ?"

ಯಾರೂ ಹೇಳಿಲ್ಲ.

"ಹೈದರಾಬಾದನ್ಯಾಗ ಹೇಳಿದ ಬ್ಯಾನಿ ನಿಮಗಿಲ್ಲ ಅಂತ ಯಾರು ಹೇಳ್ಯಾರ?"

ಅದನ್ನೂ ಯಾರೂ ಹೇಳಿಲ್ಲ. ನನ್ನ ಎಡಗೈಯನ್ನು ಹಿಡಿದುಕೊಂಡು ಎಷ್ಟೋ ಹೊತ್ತು ಕೂತಿದ್ದಳು. ಬಿಡಿಸಿಕೊಳ್ಳಲು ನೋಡಿದೆ, ಬಿಡಲಿಲ್ಲ. ಅವಳ ಉಗುರು ನೋಯುವಷ್ಟು ಒತ್ತಿತ್ತು.

ಕಲಬುರಗಿ
ಆಶ್ವೀಜ ಬಹುಳ ಬಿದಿಗೆ

ಮೂವರೂ ನಿನ್ನೆ ಬಂದೆವು. ಇಂದು ದವಾಖಾನೆ. ಬುರ್ಹಾನುದ್ದೀನ್ ನನ್ನ ಕಣ್ಣಿಗೆ ಬಟ್ಟೆ ಕಟ್ಟಿ ಕೈಗೆ ಸೂಜಿ ಚುಚ್ಚಿದ. ಗಂಟಿಲ್ಲದ ಕಡೆ ಚುಚ್ಚಿದಾಗಲೆಲ್ಲ ನಾನು ಹಾರಿಬಿದ್ದೆ.

"ಕೈ ಚಲೋ ಅದ," ಎಂದ. "ಜೋಮು ಹೋಗಿ ಯಾವ ಕಾಲ ಆಗ್ಯಾದೋ ಏನೋ. ಈ ಗಂಟು ಜುಜಾಮಿಂದಲ್ಲೋ ಹುಚ್ಚಾ. ಇವು ನಿನ್ನ ಸೂಜಿ ಮಾಡಿದ್ದು. ಒಂದೇ ಜಾಗಾಕ್ಕ ಚುಚ್ಚಿ ಚುಚ್ಚಿ ಚರ್ಮ ಸತ್ತದ. ನೀ ಅಲ್ಲೇ ಮತ್ತ ಚುಚ್ಚಿ ಗೊತ್ತಾಗವಲ್ದು ಅಂತೀ."

ಆಮೇಲೆ ನನ್ನ ತೋಳು ಹಿಡಿದು ಅಲ್ಲಾಡಿಸಿ, "ನನಗರ ಹೇಳಬಾರದಾಗಿತ್ತೇನೋ?" ಎಂದ.

ಇಲ್ಲಿಯ ಡಾಕ್ಟರ್ ಸಾಹೇಬರು ಸಣ್ಣ ಕನ್ನಡಿ ಹಿಡಿದು ಕಣ್ಣಿನೊಳಗೆ ಬೆಳಕು ಬಿಟ್ಟು ನೋಡಿದರು. ಕುಷ್ಠದ ಲಕ್ಷಣ ಮೈಮೇಲೆ ಎಲ್ಲೂ ಇಲ್ಲ. ಹೈದರಾಬಾದಿನವರು ಹೇಳಿದ್ದೇ ರೋಗ, ಅದು ಈಗ ಎಡಗಣ್ಣಿಗೆ ಬಂದಿದೆ, ಬಹಳ ದಿನದಿಂದ ಇದೆ. ತಿಳಿಯಾದರೆ ಆಗಬಹುದು, ಆಗದಿದ್ದರೆ ಇಲ್ಲ.

ಕುಷ್ಠವಲ್ಲ ಎಂದಾಗ ಆದ ಸಂತೋಷ ಹೇಳಲಾರೆ. ಬಾಗಿಲು ದಾಟುವವರೆಗೆ ಇತ್ತು. ದಾಟಿದ ಮೇಲೆ ಬುರ್ಹಾನುದ್ದೀನನನ್ನು ಮೆಲ್ಲಗೆ ಕೇಳಿದೆ, ಕಣ್ಣಿನ ಹಿಂದೆ ಮಿದುಳಿನಲ್ಲಿ ಗಡ್ಡೆ ಬೆಳೆದರೂ ಹೀಗೇ ಆಗುತ್ತದಲ್ಲವೇ, ಆ ಹಾಳೆ ಒಂದು ಸಲ ಓದಿ ಹೇಳುವೆಯಾ. ಅವನು ಜಯದೇವಿಯ ಕಡೆ ತಿರುಗಿ, ಕಿತಾಬು ಮನೆಯಲ್ಲಿ ಎಲ್ಲಿದೆ ಭಾಭಿ ಎಂದು ಕೇಳಿದ.

ಆಶ್ವೀಜ ಬಹುಳ ಷಷ್ಠಿ

ಜಯದೇವಿ ದಪ್ಪ ಗೆರೆ ಎಳೆದು ಕೊಟ್ಟಿದ್ದಾಳೆ. ಅದರ ಮೇಲೆ ದೊಡ್ಡಕ್ಷರದಲ್ಲಿ ಬರೆಯುತ್ತಿದ್ದೇನೆ. ಒಂದು ಹಾಳೆಗೆ ಎಂಟು ಸಾಲು.

ಮಧ್ಯಾಹ್ನ ಪಡಸಾಲೆಯಲ್ಲಿ ಕೂತಿದ್ದಾಗ ನೀಲಾ ಹೊಸ್ತಿಲ ಹತ್ತಿರ ನಿಂತಿರುವುದು ತಿಳಿಯಿತು. ಬಾರವ್ವ ಎಂದೆ.

"ಎಷ್ಟು ಹತ್ರ ರೀ?"

"ಇಲ್ಲೇ. ನನ್ನ ಹತ್ರ."

ನಿಧಾನವಾಗಿ ಬಂದಳು. ನಡುವೆ ಎರಡು ಸಲ ನಿಂತು, ಸಾಕೇನ್ರೀ ಎಂದು ಕೇಳಿದಳು. ನನ್ನ ಮೊಣಕಾಲಿಗೆ ತಾಗುವಂತೆ ಕೂತಳು. ಮೂರು ತಿಂಗಳಾದ ಮೇಲೆ ಕಣ್ತುಂಬ ನೋಡೋಣವೆಂದು ನೇರವಾಗಿ ನೋಡಿದೆ. ಮುಖ ಇರಲಿಲ್ಲ. ಮುಖ ಇರಬೇಕಾದ ಜಾಗದಲ್ಲಿ ಬೂದು ಹೊಗೆ, ಅದರ ಸುತ್ತ ಎರಡು ಜಡೆ, ಕೆಳಗೆ ಲಂಗ. ಬೇರೆ ಕಡೆ ಕತ್ತು ತಿರುಗಿಸಿ ಗೋಡೆಯ ಗೂಡಿನ ಮೇಲೆ ಕಣ್ಣಿಟ್ಟೆ. ಆಗ ಒಂದು ಬದಿಯಿಂದ ಮುಖ ಬಂತು. ಮಬ್ಬಾಗಿ, ಆದರೆ ಬಂತು. ಹಣೆ, ಮೂಗು, ಬಾಯಿ. ಮುಂದಿನ ಹಲ್ಲೊಂದು ಅರ್ಧ ಮಾತ್ರ ಇತ್ತು.

"ಹಲ್ಲು ಮುರದೀಯೇನವ್ವ?"

"ಇಲ್ರೀ, ಇದು ಹೊಸಾದು. ಹಳೇದು ಪಂಚಮಿಗೀ ಬಿತ್ತು." ಹಲ್ಲನ್ನು ಬೆರಳಿನಿಂದ ಮುಟ್ಟಿ, "ದಸರಾಕ್ಕ ನಿಮಗ ತೋರಸಾಕ ಬಂದಿದ್ದೆ," ಎಂದಳು.

ನಾನು ಗೋಡೆ ನೋಡುತ್ತಲೇ ಇದ್ದೆ. ಎಷ್ಟು ನೋಡಿದರೂ ಸಾಲದು ಅನಿಸುತ್ತಿತ್ತು.

"ಅಪ್ಪಾ, ನಾ ಇಲ್ಲಿದ್ದೀನ್ರೀ. ಗ್ವಾಡಿ ಯಾಕ ನೋಡಾಕತ್ತೀರಿ?"

"ನಿನ್ನನ್ನ ನೋಡಾಕತ್ತೀನವ್ವ."

ನಂಬಲಿಲ್ಲ. ಮೊಣಕಾಲೂರಿ ಎದ್ದು, ಎರಡೂ ಕೈಯಿಂದ ನನ್ನ ಕೆನ್ನೆ ಹಿಡಿದು, ನನ್ನ ಮುಖವನ್ನು ತನ್ನ ಕಡೆಗೆ ತಿರುಗಿಸಿಕೊಂಡಳು. ಅವಳ ಮುಖ ಹೋಯಿತು. ನಾನು ಮತ್ತೆ ತಿರುಗಿಸಿಕೊಳ್ಳಲಿಲ್ಲ. ಅವಳು ಕೈ ತೆಗೆಯುವವರೆಗೆ ಹಾಗೇ ಕೂತಿದ್ದೆ.